ಫೋಟೊ ಹೇಗಿದೆ, ಹೇಳಿ

ಕ್ಯಾಮೆರಾ ಕೊಳ್ಳುವ ಮುಂಚೆ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಲೆನ್ಸ್ ಕೊಳ್ಳುವಾಗ ಇನ್ನೂ ಹತ್ತು ಜನರನ್ನು. ಆಗ ಯಾರು ಏನು ಹೇಳಿದರೂ ಬೇಸರವಿಲ್ಲ, ಕಿವಿಗೊಟ್ಟು ಕೇಳುತ್ತೇವೆ. ಅದೇ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಒಬ್ಬರ ಮುಂದೆ ಹಿಡಿದು "ಹೇಗಿದೆ, ಹೇಳಿ" ಎನ್ನುವಾಗ ಮಾತ್ರ ನಮ್ಮ ಮನಸ್ಸಿನಲ್ಲಿ ಉತ್ತರ ಮೊದಲೇ ತಯಾರಾಗಿರುತ್ತದೆ. "ಸೂಪರ್ ಆಗಿದೆ" ಎನ್ನಬೇಕು. ಅದರ ಹಿಂದೆ ಒಂದು "ಆದರೆ" ಬಂದರೆ ಮುಖ ಸಣ್ಣದಾಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ಕಟ್ಟಿದವರು ಕ್ಯಾಮೆರಾ ನೋಡಿರಲಿಕ್ಕಿಲ್ಲ, ನಮ್ಮನ್ನಂತೂ ಚೆನ್ನಾಗಿ ಬಲ್ಲವರು.

ಹವ್ಯಾಸಕ್ಕೆ ಫೋಟೊ ತೆಗೆಯುವವರು ತಮ್ಮ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸುವುದು ಹೇಗೆ, ಇನ್ನೊಬ್ಬರ ಚಿತ್ರ ನೋಡಿ ಅಭಿಪ್ರಾಯ ಹೇಳುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು. ಅದರಲ್ಲೂ ಎರಡು ಬಗೆಯ ಚಿತ್ರಗಳನ್ನು ಎತ್ತಿಕೊಳ್ಳುತ್ತೇನೆ: ಮನುಷ್ಯರ ಭಾವಚಿತ್ರ ಮತ್ತು ಹಕ್ಕಿ, ಪ್ರಾಣಿ, ಕೆರೆ, ಕಾಡುಗಳ ಚಿತ್ರ. ಇವೆರಡನ್ನೇ ಆರಿಸಿದ್ದಕ್ಕೆ ಕಾರಣವಿದೆ. ಒಂದು ಕಟ್ಟಡದ ಚಿತ್ರದ ಬಗ್ಗೆ ನಾವು ಏನೇ ಅಂದರೂ ಕಟ್ಟಡಕ್ಕೆ ನಷ್ಟವಿಲ್ಲ. ಒಬ್ಬರ ಮುಖದ ಬಗ್ಗೆ, ಒಂದು ಹಕ್ಕಿಯ ಗೂಡಿನ ಬಗ್ಗೆ ಆಡಿದ ಮಾತು ಹಾಗಲ್ಲ. ಅದು ಚಿತ್ರವನ್ನು ದಾಟಿ ಆ ಮನುಷ್ಯರನ್ನೂ ಆ ಹಕ್ಕಿಯನ್ನೂ ಹೋಗಿ ಮುಟ್ಟುತ್ತದೆ.

ನಾನು ವೃತ್ತಿಯಲ್ಲಿ ಲೆಕ್ಕಪತ್ರ ನೋಡುವವನು. ಮುಂಬಯಿಯಲ್ಲಿ ವಾಸ, ರಜೆಯ ದಿನ ಮಾತ್ರ ಕ್ಯಾಮೆರಾ. ನನ್ನಂಥ ಏಳೆಂಟು ಜನ ಕನ್ನಡಿಗರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಕೂತು ಒಬ್ಬೊಬ್ಬರು ಎರಡೇ ಎರಡು ಚಿತ್ರ ತೋರಿಸುತ್ತೇವೆ. ಎರಡೇ ಎಂಬ ನಿಯಮ ಕಟ್ಟುನಿಟ್ಟು. ಇಲ್ಲದಿದ್ದರೆ ಲೋನಾವಳಾಕ್ಕೆ ಹೋಗಿ ಬಂದವರು ಇನ್ನೂರು ಚಿತ್ರ ತೋರಿಸಿ ಚಹಾ ತಣ್ಣಗಾಗಿಸುತ್ತಾರೆ. ಈಗ ಹೇಳಲಿರುವುದರಲ್ಲಿ ಹೆಚ್ಚಿನದು ಆ ಕೂಟದಲ್ಲಿ ಕೇಳಿ, ನೋಡಿ ತಿಳಿದದ್ದು.

ಹಿಂದೆ ರೋಲ್ ಫಿಲ್ಮ್ ಕಾಲದಲ್ಲಿ ಅಭಿಪ್ರಾಯ ಹೇಳುವ ಒಬ್ಬರು ತಾವಾಗಿಯೇ ಸಿಗುತ್ತಿದ್ದರು, ಊರಿನ ಸ್ಟುಡಿಯೊದವರು. 36 ಚಿತ್ರಗಳ ರೋಲ್ ತೊಳೆಯಲು ಕೊಟ್ಟರೆ ಮೂರನೆಯ ದಿನ ಕವರು ಕೈಗಿಡುತ್ತಾ "ಆರು ಬಂದಿವೆ ನೋಡಿ, ಉಳಿದದ್ದರಲ್ಲಿ ಕೈ ಅಲುಗಿದೆ" ಎಂದು ನಿರ್ದಾಕ್ಷಿಣ್ಯವಾಗಿ ಹೇಳಿಬಿಡುತ್ತಿದ್ದರು. ದುಡ್ಡು ಹೋದ ಸಂಕಟದ ಜೊತೆಗೆ ಪಾಠವೂ ತಲೆಗೆ ಹತ್ತುತ್ತಿತ್ತು. ಈಗ ಒಂದೇ ಬೆಳಗ್ಗೆ ನಾನೂರು ಚಿತ್ರ ತೆಗೆದರೂ ಖರ್ಚಿಲ್ಲ. ಮನೆಮಂದಿಗೆಲ್ಲ ಫೋನಿನಲ್ಲಿ ಕಳಿಸಿದರೆ ಹತ್ತು ಹೆಬ್ಬೆರಳು ಬರುತ್ತವೆ, ಹುಬ್ಬಳ್ಳಿಯಿಂದ ಸೋದರಮಾವ ಒಂದು ಹೂಗುಚ್ಛ ಕಳಿಸುತ್ತಾರೆ. ಅದು ಪ್ರೀತಿ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಮುಂದಿನ ಭಾನುವಾರ ಏನು ಬೇರೆ ಮಾಡಬೇಕು ಎಂಬುದು ಮಾತ್ರ ಹೆಬ್ಬೆರಳಿನಿಂದ ತಿಳಿಯುವುದಿಲ್ಲ.

ಒಬ್ಬರ ಚಿತ್ರ ಇನ್ನೊಬ್ಬರು ನೋಡಿ ತಿದ್ದಲಿ ಎಂದೇ ಛಾಯಾಗ್ರಾಹಕರ ಸಂಘಗಳು ಹುಟ್ಟಿದವು. ನಮ್ಮ ದೇಶದಲ್ಲಿ ಇದು ಹಳೆಯ ರೂಢಿ. ಫೋಟೊ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. 1854ರಲ್ಲೇ ಮುಂಬಯಿಯಲ್ಲಿ ಒಂದು ಫೋಟೊಗ್ರಾಫಿಕ್ ಸೊಸೈಟಿ ಶುರುವಾಗಿತ್ತು. ಅದರ ಬೆನ್ನಿಗೇ ಕಲ್ಕತ್ತೆಯಲ್ಲಿ, ಮದ್ರಾಸಿನಲ್ಲಿ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರು ಮಾಡಿ 2017ರಲ್ಲಿ ತೀರಿಕೊಂಡ ಟಿ.ಎನ್.ಎ. ಪೆರುಮಾಳ್ ಅವರು ಒ.ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಕೈಕೆಳಗೆ ಪಳಗಿದವರು, ಮುಂದೆ ತಾವೇ ಎಷ್ಟೋ ಕಿರಿಯರನ್ನು ತಿದ್ದಿದವರು. ಕರ್ನಾಟಕದಲ್ಲಿ ಈ ಕಲೆ ಹೆಚ್ಚಾಗಿ ಬೆಳೆದದ್ದು ಹೀಗೆ, ಒಬ್ಬರಿಂದ ಒಬ್ಬರಿಗೆ.

ಸಂಘಗಳು ನಡೆಸುವ ಸ್ಪರ್ಧೆಗೆ ಸಲೋನ್ ಎನ್ನುತ್ತಾರೆ. ಕ್ಷೌರದಂಗಡಿ ಎಂದುಕೊಳ್ಳಬೇಡಿ, ಕತ್ತರಿ ಅಲ್ಲೂ ಆಡುತ್ತದೆ ಅನ್ನಿ. ಮೂವರು ತೀರ್ಪುಗಾರರು ಕೂತಿರುತ್ತಾರೆ, ಪರದೆಯ ಮೇಲೆ ಒಂದು ಚಿತ್ರ ಕೆಲವೇ ಸೆಕೆಂಡು ನಿಲ್ಲುತ್ತದೆ, ಅಂಕ ಬೀಳುತ್ತದೆ, ಮುಂದಿನ ಚಿತ್ರ. ಸಾವಿರಾರು ಚಿತ್ರ ಬಂದಾಗ ಬೇರೆ ದಾರಿಯೂ ಇಲ್ಲ. ಆದರೆ ಅಂಕ ಎಂದರೆ ಅಂಕ, ಅಷ್ಟೇ. ಹದಿನೈದರಲ್ಲಿ ಎಂಟು ಬಂತು ಎಂದರೆ ಉಳಿದ ಏಳು ಎಲ್ಲಿ ಹೋಯಿತು ಎಂದು ಹೇಳುವವರು ಬೇಕಲ್ಲ.

ಹೇಳುವುದು ಹೇಗಿರಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಚಳಿಗಾಲ ಬಂತೆಂದರೆ ನಮ್ಮ ಥಾಣೆ ಖಾಡಿಗೆ ರಾಜಹಂಸಗಳು ಬರುತ್ತವೆ, ಫ್ಲೆಮಿಂಗೊ ಎಂದರೆ ಎಲ್ಲರಿಗೂ ಗೊತ್ತು. ಗೆಳೆಯರೊಬ್ಬರು ಶಿವಡಿಯ ಕೆಸರುದಂಡೆಯಲ್ಲಿ ತೆಗೆದ ಚಿತ್ರ ತಂದಿದ್ದರು. ನೀರು ಕಣ್ಣು ಕೋರೈಸುವ ಹಾಗೆ ಹೊಳೆಯುತ್ತಿದೆ, ಹಕ್ಕಿಗಳೆಲ್ಲ ಕಪ್ಪು ಕಪ್ಪು, ಆ ಗುಲಾಬಿ ಬಣ್ಣ ಎಲ್ಲೂ ಇಲ್ಲ. ಒಬ್ಬರು "ಚೆನ್ನಾಗಿದೆ" ಎಂದರು. ಇನ್ನೊಬ್ಬರು "ಅಷ್ಟು ಮಜಾ ಇಲ್ಲ" ಎಂದರು. ಎರಡು ಮಾತಿಗೂ ಒಂದೇ ತೂಕ, ಎರಡರಿಂದಲೂ ಅವರಿಗೆ ಏನೂ ಸಿಗಲಿಲ್ಲ. ಮೂರನೆಯವರು ಮಾತ್ರ ಕೇಳಿದರು, "ಎಷ್ಟು ಗಂಟೆಗೆ ಹೋಗಿದ್ರಿ?"

"ಬೆಳಗ್ಗೆ ಎಂಟಕ್ಕೆ."

"ಶಿವಡಿಯಲ್ಲಿ ನಿಂತ್ರೆ ನೀವು ನೋಡೋದು ಪೂರ್ವಕ್ಕೆ. ಬೆಳಗ್ಗೆ ಸೂರ್ಯ ಹಕ್ಕಿಯ ಹಿಂದಿರ್ತಾನೆ. ಸಾಯಂಕಾಲ ನಾಲ್ಕರ ಮೇಲೆ ಹೋಗಿ, ಬಿಸಿಲು ನಿಮ್ಮ ಬೆನ್ನಿಗೆ ಬರುತ್ತೆ. ಉಬ್ಬರ ಏರೋ ಹೊತ್ತು ನೋಡ್ಕೊಂಡು ಹೋಗಿ, ನೀರು ಏರಿದ ಹಾಗೆ ಹಕ್ಕಿ ದಡದ ಕಡೆ ಸರಿಯುತ್ತೆ, ದೊಡ್ಡ ಲೆನ್ಸ್ ಬೇಕಾಗೋದಿಲ್ಲ."

ಇದು ಅಭಿಪ್ರಾಯ. ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮುಂದಿನ ಸಲ ಮಾಡಬಹುದಾದ ಒಂದು ಕೆಲಸ ಇದೆ. ಅದಕ್ಕಿಂತ ಮುಖ್ಯವಾದದ್ದು, ಹೇಳುವ ಮೊದಲು ಒಂದು ಪ್ರಶ್ನೆ ಇತ್ತು. ಯಾಕೆಂದರೆ ಅವರು ಬೇಕೆಂದೇ ಹಕ್ಕಿಯ ಕಪ್ಪು ಆಕಾರ ಮಾತ್ರ ಹಿಡಿಯಲು ಹೋಗಿದ್ದರೆ ಸಂಜೆಗೆ ಹೋಗಿ ಎಂಬ ಸಲಹೆ ವ್ಯರ್ಥ. ಆಗ ಹೇಳಬೇಕಾದದ್ದು ಬೇರೆ: "ಎರಡು ಹಕ್ಕಿಗಳ ಕತ್ತು ಒಂದರ ಮೇಲೊಂದು ಬಂದು ಗಂಟುಬಿದ್ದಿವೆ, ಬಿಡಿಬಿಡಿಯಾಗುವವರೆಗೆ ಕಾಯಬೇಕಿತ್ತು." ತೆಗೆದವರ ಉದ್ದೇಶ ತಿಳಿಯದೆ ಕೊಡುವ ಸಲಹೆ ನಮ್ಮ ಚಿತ್ರವನ್ನು ಅವರ ಕೈಯಲ್ಲಿ ತೆಗೆಸುವ ಪ್ರಯತ್ನವಾಗುತ್ತದೆ.

ದಿಲ್ಲಿಯ ಕೇಳುಗರಿಗೆ ಇನ್ನೊಂದು ಬಗೆಯ ಪೇಚು ಗೊತ್ತಿರಬೇಕು. ಚಳಿಗಾಲದಲ್ಲಿ ಯಮುನೆಯ ಘಾಟಿಗೆ ಸೀಗಲ್ ಹಕ್ಕಿಗಳು ಹಿಂಡುಹಿಂಡಾಗಿ ಬರುತ್ತವೆ. ದೋಣಿ, ಮಂಜು, ಏಳುತ್ತಿರುವ ಸೂರ್ಯ, ಸುತ್ತ ಬಿಳಿ ರೆಕ್ಕೆಗಳು. ಈ ಚಿತ್ರವನ್ನು ಎಲ್ಲರೂ ತೆಗೆದಿದ್ದಾರೆ. ಹೊಸಬರೊಬ್ಬರು ಅದನ್ನೇ ತಂದು ತೋರಿಸಿದಾಗ "ಇಂಥದ್ದು ನೂರು ನೋಡಿದ್ದೇವೆ" ಎನ್ನುವುದು ನಿಜವೇ, ಆದರೆ ಅವರಿಗೆ ಅದು ಮೊದಲನೆಯದು. ಅದೇ ಚಿತ್ರದ ಮೂಲೆಯಲ್ಲಿ ಹಕ್ಕಿಗಳಿಗೆ ಸೇವು ಎರಚುವ ದೋಣಿಯವನ ಕೈ ಇದ್ದರೆ, "ಈ ಕೈ ನಾನು ಬೇರೆಯವರ ಚಿತ್ರದಲ್ಲಿ ನೋಡಿಲ್ಲ, ಮುಂದಿನ ಸಲ ಇದರ ಹತ್ತಿರ ಹೋಗಿ" ಎನ್ನಬಹುದು. ಮೊದಲ ಮಾತು ಕೇಳಿದವರು ಕ್ಯಾಮೆರಾವನ್ನು ಬೀರುವಿಗೆ ಸೇರಿಸುತ್ತಾರೆ. ಎರಡನೆಯದನ್ನು ಕೇಳಿದವರು ಮುಂದಿನ ವಾರ ಮತ್ತೆ ಘಾಟಿಗೆ ಹೋಗುತ್ತಾರೆ.

ಇನ್ನು ಮನುಷ್ಯರ ಚಿತ್ರಕ್ಕೆ ಬರೋಣ. ಇಲ್ಲಿ ನಾಲಿಗೆ ಹಿಡಿತದಲ್ಲಿರಬೇಕು.

ನಮ್ಮ ಜನ ಭಾವಚಿತ್ರ ನೋಡಿ ಮೊದಲು ಹೇಳುವ ಮಾತು ಯಾವುದು? "ಕಪ್ಪಾಗಿ ಬಂದಿದೆ." ಎರಡನೆಯದು? "ದಪ್ಪ ಕಾಣ್ತಾಳೆ." ಈ ಎರಡೂ ಚಿತ್ರದ ಬಗ್ಗೆ ಆಡಿದ ಮಾತಲ್ಲ, ಎದುರಿಗೆ ಕೂತ ಮನುಷ್ಯರ ಬಗ್ಗೆ ಆಡಿದ್ದು. ಹದಿನಾರು ವರ್ಷದ ಹುಡುಗಿಯ ಚಿತ್ರವನ್ನು ಚಿಕ್ಕಪ್ಪ ಆಸೆಯಿಂದ ತೆಗೆದಿರುತ್ತಾನೆ, ಮನೆಯವರೆಲ್ಲ ಸೇರಿ "ಸ್ವಲ್ಪ ಬೆಳ್ಳಗೆ ಮಾಡೋ" ಎನ್ನುತ್ತಾರೆ, ಅವನು ಫೋನಿನಲ್ಲಿ ಒಂದು ಗುಂಡಿ ಒತ್ತುತ್ತಾನೆ. ಹುಡುಗಿ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡುತ್ತಿರುತ್ತಾಳೆ. ಆಮೇಲೆ ಅವಳು ಕ್ಯಾಮೆರಾ ಕಂಡರೆ ಮುಖ ತಿರುಗಿಸುವುದು ನಾಚಿಕೆಯಿಂದ ಎಂದು ನಾವು ತಿಳಿಯುತ್ತೇವೆ.

ಮುಖ ನಿಜವಾಗಿಯೂ ಗಬ್ಬುಗತ್ತಲೆಯಾಗಿ ಬಂದಿದ್ದರೆ ಅದಕ್ಕೆ ಕಾರಣ ಚರ್ಮವಲ್ಲ, ಬೆಳಕಿನ ಲೆಕ್ಕ. ಕ್ಯಾಮೆರಾ ತನ್ನೆದುರಿನ ದೃಶ್ಯವನ್ನೆಲ್ಲ ಸರಾಸರಿ ಮಾಡಿ ಒಂದು ನಡುವಣ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಸುಣ್ಣ ಹೊಡೆದ ಗೋಡೆಯ ಮುಂದೆ ಒಬ್ಬರನ್ನು ನಿಲ್ಲಿಸಿದರೆ ಗೋಡೆಯ ಬಿಳುಪು ನೋಡಿ ಕ್ಯಾಮೆರಾ ಬೆಳಕು ಕಡಿಮೆ ಮಾಡುತ್ತದೆ, ಅದರ ದಂಡ ಮುಖಕ್ಕೆ. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ಅಲ್ಲಿಗೆ ಹೊಂದಿಸಬಹುದು. ಗೋಡೆ ಬಿಟ್ಟು ಗಿಡದ ಮುಂದೆ ಕೂರಿಸಬಹುದು. ಆದ್ದರಿಂದ "ಕಪ್ಪಾಗಿ ಬಂದಿದೆ" ಎನ್ನುವ ಜಾಗದಲ್ಲಿ "ಮುಖಕ್ಕೆ ಬೆಳಕು ಸಾಲಲಿಲ್ಲ, ಹಿಂದಿನ ಗೋಡೆ ಬೆಳಕನ್ನು ತಿಂದಿದೆ" ಎನ್ನಬೇಕು. ಮಾತು ಎರಡು ಹೆಚ್ಚಾಯಿತು, ಆದರೆ ತಪ್ಪು ಯಾರದೋ ಅವರ ತಲೆಗೇ ಹೋಯಿತು. "ದಪ್ಪ" ಎನ್ನುವುದೂ ಅಷ್ಟೇ. ಫೋನನ್ನು ಮುಖಕ್ಕೆ ಒಂದು ಗೇಣು ಹತ್ತಿರ ಹಿಡಿದರೆ ಯಾರ ಮೂಗಾದರೂ ದೊಡ್ಡದೇ. ನಾಲ್ಕು ಹೆಜ್ಜೆ ಹಿಂದೆ ಬಂದು, ಎರಡರಷ್ಟೋ ಮೂರರಷ್ಟೋ ಹತ್ತಿರ ಮಾಡಿ ತೆಗೆದರೆ ಮುಖ ತನ್ನ ಅಳತೆಗೆ ಬರುತ್ತದೆ.

ಅಂದ ಹಾಗೆ, ಬಣ್ಣದ ಈ ಪಕ್ಷಪಾತ ನಮ್ಮ ಮನೆಗಳಲ್ಲಿ ಮಾತ್ರ ಇದ್ದದ್ದಲ್ಲ. ಕೊಡಾಕ್ ಕಂಪನಿ ಬಣ್ಣದ ಮುದ್ರಣವನ್ನು ಸರಿಹೊಂದಿಸಲೆಂದು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು, ಅದರಲ್ಲಿದ್ದದ್ದು ಬಿಳಿಯ ಹೆಣ್ಣುಮಗಳು. ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಆ ಮೈಬಣ್ಣ ಸರಿಯಾಗಿ ಬಂದರೆ ಎಲ್ಲ ಸರಿ ಎಂದು ದಶಕಗಟ್ಟಲೆ ಲೆಕ್ಕ. ನಮ್ಮಂಥವರ ಹಳೆಯ ಮದುವೆ ಆಲ್ಬಮ್ಮುಗಳನ್ನು ಈಗ ನೋಡುವಾಗ ಇದನ್ನೂ ನೆನಪಿನಲ್ಲಿಟ್ಟುಕೊಳ್ಳಬಹುದು.

"ಸ್ವಲ್ಪ ನಗಬೇಕಿತ್ತು" ಎನ್ನುವವರೂ ಇರುತ್ತಾರೆ. ಅವರಿಗೆ ನಾನು ಚರ್ಚಿಲ್ ಚಿತ್ರದ ಕಥೆ ಹೇಳುತ್ತೇನೆ. 1941ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಯೂಸುಫ್ ಕಾರ್ಶ್ ಎಂಬ ಛಾಯಾಗ್ರಾಹಕರು ಚರ್ಚಿಲ್ ಬಾಯಲ್ಲಿದ್ದ ಚುಟ್ಟಾವನ್ನು ತೆಗೆದುಬಿಟ್ಟರು. ಆ ಸಿಡುಕು ಮುಖವೇ ಚಿತ್ರವಾಯಿತು. ಅದಾದ ಕೂಡಲೇ ಇನ್ನೊಂದು ತೆಗೆದರು, ಅದರಲ್ಲಿ ಚರ್ಚಿಲ್ ನಗುತ್ತಿದ್ದಾರೆ. ಎರಡೂ ಚಿತ್ರ ಇವೆ. ಲೋಕ ನೆನಪಿಟ್ಟುಕೊಂಡದ್ದು ಸಿಡುಕಿನದನ್ನು.

ಹಾಗಾದರೆ ಚಿತ್ರದಲ್ಲಿರುವವರ ಅಭಿಪ್ರಾಯಕ್ಕೆ ಬೆಲೆ ಎಷ್ಟು? ಇದು ನಮ್ಮ ಕೂಟದಲ್ಲಿ ಒಮ್ಮೆ ಜಗಳಕ್ಕೆ ಬಂದು ನಿಂತಿತ್ತು. ಡೊಂಬಿವಲಿಯ ಒಬ್ಬ ಸದಸ್ಯೆ ತಮ್ಮ ಅತ್ತೆಯ ಚಿತ್ರ ತಂದಿದ್ದರು. ಮೂಲ ಕುಂದಾಪುರದ ಕಡೆಯವರು. ಅಡುಗೆಮನೆಯ ಕಿಟಕಿಯ ಕೆಳಗೆ ಈಳಿಗೆಮಣೆಯ ಮೇಲೆ, ಕರಾವಳಿಯವರು ಮೆಟ್ಟುಕತ್ತಿ ಎನ್ನುತ್ತಾರೆ, ಅದರ ಮೇಲೆ ಕೂತು ಬಸಳೆ ಹೆಚ್ಚುತ್ತಿದ್ದಾರೆ. ಎಡಗಡೆಯಿಂದ ಬೆಳಕು. ಅರ್ಧ ಮುಖ ನೆರಳಿನಲ್ಲಿ. ಬೆಳಕೆಲ್ಲ ಹೋಗಿ ಕೂತದ್ದು ಎರಡು ಕೈಗಳ ಮೇಲೆ, ನರ ಉಬ್ಬಿದ, ಬೆರಳುಗಳು ಸೊಟ್ಟಗಾದ ಕೈಗಳು. ಒಬ್ಬರು ಹಿಂದಿನ ಗ್ಯಾಸ್ ಸಿಲಿಂಡರ್ ಕತ್ತರಿಸಿ ಎಂದರು, ಅದು ಸರಿಯಾದ ಮಾತು. ಇನ್ನೊಬ್ಬರು ಮುಖಕ್ಕೂ ಬೆಳಕು ಬೇಕಿತ್ತು ಎಂದರು, ಅದನ್ನು ನಾನು ಈಗಲೂ ಒಪ್ಪುವುದಿಲ್ಲ. ಒಟ್ಟಿನಲ್ಲಿ ಆ ವರ್ಷ ನಾವು ನೋಡಿದ ಭಾವಚಿತ್ರಗಳಲ್ಲಿ ಇದೇ ಮೇಲು ಎಂದು ಎಲ್ಲರೂ ಒಪ್ಪಿದರು, ಪ್ರದರ್ಶನಕ್ಕೆ ಕಳಿಸಿ ಎಂದರು.

ಅತ್ತೆ ಒಪ್ಪಲಿಲ್ಲ. "ಇದೆಂಥ ಮಾರಾಯ್ತಿ, ನೈಟಿ ಹಾಕಿ ಕೂತದ್ದನ್ನು ಊರಿಗೆಲ್ಲ ತೋರಿಸುದಾ? ಪಟ್ಟೆಸೀರೆ ಉಟ್ಟಾಗ ಒಂದು ತೆಗಿ" ಎಂದರಂತೆ.

ಕೂಟದಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷ, "ಅವರಿಗೆ ಫೋಟೊ ಏನು ತಿಳಿಯುತ್ತೆ, ನಾಲ್ಕು ದಿನ ಬಿಟ್ಟು ಸಮಾಧಾನ ಮಾಡಿ" ಎಂದಿತು. ಇನ್ನೊಂದು ಪಕ್ಷ, "ಮುಖ ಅವರದು" ಎಂದಿತು. ನಾನು ಎರಡನೆಯ ಪಕ್ಷ. ಬೆಳಕು ಹೇಗಿದೆ, ಚೌಕಟ್ಟು ಹೇಗಿದೆ ಎಂಬುದರಲ್ಲಿ ಅತ್ತೆಯ ಮಾತು ನಡೆಯಬೇಕಿಲ್ಲ. ಆದರೆ ತನ್ನ ಯಾವ ರೂಪ ಮನೆಯ ಹೊರಗೆ ಹೋಗಬೇಕು ಎಂಬುದರಲ್ಲಿ ಕೊನೆಯ ಮಾತು ಅವರದೇ. ಸೊಸೆ ಹಾಗೆಯೇ ನಡೆದುಕೊಂಡರು. ಪಟ್ಟೆಸೀರೆಯ ಚಿತ್ರವನ್ನೂ ತೆಗೆದರು. ಅದು ಪಾಸ್‌ಪೋರ್ಟಿನ ಅಣ್ಣನ ಹಾಗಿದೆ, ಊರಿನ ಬಂಧುಗಳಿಗೆಲ್ಲ ಹೋಗಿದ್ದು ಅದೇ. ಈಳಿಗೆಮಣೆಯ ಚಿತ್ರ ಡೊಂಬಿವಲಿಯ ಮನೆಯ ಒಳಕೋಣೆಯಲ್ಲಿದೆ. ಅತ್ತೆ ಅದರ ಧೂಳು ಒರೆಸುತ್ತಾರೆ ಎಂದು ಕೇಳಿದ್ದೇನೆ.

ಹಕ್ಕಿಗೆ ಈ ಹಕ್ಕು ಇಲ್ಲ. ಬೇಡ ಎನ್ನಲು ಅದಕ್ಕೆ ಬಾಯಿಲ್ಲ, ಆದ್ದರಿಂದ ನೋಡುವವರೇ ಅದರ ಪರವಾಗಿ ಕೇಳಬೇಕಾಗುತ್ತದೆ. ನಿಸರ್ಗದ ಚಿತ್ರಗಳ ವಿಷಯದಲ್ಲಿ ನಾನು ಟೀಕೆಗಿಂತ ಹೊಗಳಿಕೆಗೇ ಹೆಚ್ಚು ಹೆದರುತ್ತೇನೆ.

ಪುಣೆಯಲ್ಲಿ, ಹೈದರಾಬಾದಿನಲ್ಲಿ, ನಮ್ಮಲ್ಲಿ, ಬಾಲ್ಕನಿಯ ತಂತಿಗೂ ಕುಂಡದ ಗಿಡಕ್ಕೂ ಸೂರಕ್ಕಿ ಜೋಳಿಗೆಯಂಥ ಗೂಡು ತೂಗುಹಾಕುವುದನ್ನು ನೀವು ನೋಡಿರಬಹುದು. ತಾಯಿ ಬಂದು ಮರಿಗಳ ಬಾಯಿಗೆ ಹುಳ ಇಡುವ ಚಿತ್ರ ಯಾರಿಗೆ ಬೇಡ? ನಮ್ಮ ಕೂಟಕ್ಕೆ ಒಬ್ಬ ಕಾಲೇಜು ಹುಡುಗ ಅಂಥದ್ದೊಂದು ತಂದ. ಮೂರು ಕೆಂಪು ಬಾಯಿಗಳು, ತಾಯಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕಿ, ಎಲ್ಲ ಅಚ್ಚುಕಟ್ಟು. "ವಾಹ್" ಎಂದು ಎಲ್ಲರ ಬಾಯಲ್ಲೂ ಬರುವುದರಲ್ಲಿತ್ತು. ಹಿರಿಯರೊಬ್ಬರು ಕೇಳಿದರು, "ಗೂಡಿನ ಮುಂದೆ ಒಂದೂ ಎಲೆ ಇಲ್ಲವಲ್ಲಪ್ಪಾ, ಯಾವ ಗಿಡ ಇದು?"

"ಇತ್ತು ಅಂಕಲ್, ಸ್ವಲ್ಪ ಕತ್ತರಿಸಿದೆ, ಅಡ್ಡ ಬರ್ತಿತ್ತು."

ಅವರು ಬೈಯಲಿಲ್ಲ. ಹಕ್ಕಿ ಆ ಜಾಗ ಆರಿಸಿದ್ದೇ ಎಲೆಯ ಮರೆಗೆ, ಮರೆ ಹೋದರೆ ಬಿಸಿಲೂ ಬಡಿಯುತ್ತದೆ, ಕಾಗೆಯ ಕಣ್ಣಿಗೂ ಬೀಳುತ್ತದೆ ಎಂದು ಎರಡೇ ಮಾತು ಹೇಳಿದರು. ಆಮೇಲೆ "ಬೆಳಕು ಚೆನ್ನಾಗಿ ಹಿಡಿದಿದ್ದೀ, ಇದೇ ಸೂರಕ್ಕಿ ಹೂವಿನ ಮೇಲೆ ಕೂರುವಾಗ ಹಿಡಿ, ಅದನ್ನು ನೋಡೋಣ" ಎಂದರು. ಹುಡುಗನ ಮುಖ ಇಳಿದದ್ದು ನಿಜ. ಆದರೆ ಆ ದಿನ ನಾವೆಲ್ಲ ವಾಹ್ ಎಂದಿದ್ದರೆ ಮುಂದಿನ ವಾರ ಅದೇ ಗೂಡಿನ ಮುಂದೆ ಮೂರು ಕ್ಯಾಮೆರಾ ನಿಲ್ಲುತ್ತಿದ್ದವು. ಎಲ್ಲಿ ತೆಗೆದದ್ದು, ವಿಳಾಸ ಕೊಡಿ ಎಂದು ಕೇಳುವವರು ಹೊಗಳುವವರ ಹಿಂದೆಯೇ ಇರುತ್ತಾರೆ.

ಹೊಗಳಿಕೆ ಹೀಗೆಯೇ ಕೆಲಸ ಮಾಡುತ್ತದೆ. ಹಾರುವ ರಾಜಹಂಸಗಳ ಚಿತ್ರಕ್ಕೆ ಚಪ್ಪಾಳೆ ಬಿದ್ದರೆ, ಹಾರದೆ ಮೇಯುತ್ತಿರುವ ಹಕ್ಕಿಗಳನ್ನು ಚಪ್ಪಾಳೆ ತಟ್ಟಿ ಏಳಿಸುವವರು ಹುಟ್ಟುತ್ತಾರೆ. ಮಳೆಗಾಲದಲ್ಲಿ ಜೋಡಿ ಹುಡುಕುವ ನವರಂಗ ಹಕ್ಕಿಗೆ ಫೋನಿನಿಂದ ಅದರದೇ ಕೂಗು ಕೇಳಿಸಿ ಹೊರಗೆ ಕರೆಯುತ್ತಾರೆ. ಪಾಪ, ಅದು ತನ್ನ ಎಲ್ಲೆಗೆ ಇನ್ನೊಂದು ಗಂಡು ಬಂತೆಂದು ಮೇವು ಬಿಟ್ಟು ಹೋರಾಟಕ್ಕೆ ಬರುತ್ತದೆ. ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿಯ ನಿಸರ್ಗ ವಿಭಾಗದವರ ಸಂಹಿತೆಯಲ್ಲಿ ಚಿತ್ರಕ್ಕಿಂತ ಜೀವಿಯ ಕ್ಷೇಮ ಮುಖ್ಯ ಎಂದು ಬ‌ರೆದಿದೆ. ಈಗ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ ಚಿತ್ರ, ತೋಳವೊಂದು ರಾತ್ರಿ ಬೇಲಿಯ ಗೇಟನ್ನು ಹಾರುತ್ತಿರುವುದು. ಸ್ಪೇನಿನವರು ತೆಗೆದದ್ದು. ಲೋಕವೆಲ್ಲ ಬೆರಗಾಯಿತು. 2010ರ ಜನವರಿಯಲ್ಲಿ ಬಹುಮಾನ ರದ್ದಾಯಿತು, ಅದು ಪಳಗಿಸಿದ ತೋಳವೇ ಇರಬೇಕೆಂದು ತೀರ್ಪುಗಾರರು ತೀರ್ಮಾನಿಸಿದರು. ತೆಗೆದವರು ಒಪ್ಪಲಿಲ್ಲ. ಅದೇ ಸ್ಪರ್ಧೆಯ 2017ರ ಒಂದು ವಿಭಾಗದಲ್ಲಿ ಗೆದ್ದ ಇರುವೆಬಾಕನ ಚಿತ್ರವನ್ನು 2018ರಲ್ಲಿ ಕೈಬಿಟ್ಟರು, ಒಳಗೆ ಹುಲ್ಲು ತುಂಬಿದ ಪ್ರಾಣಿ ಎಂಬ ಕಾರಣಕ್ಕೆ. ಅವರೂ ಒಪ್ಪಲಿಲ್ಲ. ತೋಳದ ಆ ಚಿತ್ರ ಈಗ ನೋಡಿದರೂ ಚೆನ್ನಾಗಿಯೇ ಇದೆ. ಬೆಳಕು, ಚಲನೆ, ಚೌಕಟ್ಟು, ಯಾವುದರಲ್ಲೂ ಕೊರತೆಯಿಲ್ಲ. "ಹೇಗೆ ತೆಗೆದಿರಿ" ಎಂಬ ಪ್ರಶ್ನೆಗೆ ಅಷ್ಟು ತೂಕ ಇರುವುದು ಅದಕ್ಕೇ.

ಇಷ್ಟು ಹೊತ್ತು ಹೇಳುವವರ ಕಡೆಯಿಂದ ಮಾತಾಡಿದೆ. ಕೇಳಿಸಿಕೊಳ್ಳುವವರ ಪಾಡು ಇನ್ನೂ ಕಷ್ಟದ್ದು. ನಮ್ಮ ಕೂಟದಲ್ಲಿ ಒಂದು ಪದ್ಧತಿ ಇದೆ: ಚಿತ್ರ ತೋರಿಸಿದವರು ಐದು ನಿಮಿಷ ಬಾಯಿ ಬಿಡುವ ಹಾಗಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದದ್ದು, ಭಿಗವಣದಲ್ಲಿ ದೋಣಿ ಸಿಗದೆ ಒದ್ದಾಡಿದ್ದು, ಜಿಗಣೆ ಕಚ್ಚಿದ್ದು, ಯಾವುದನ್ನೂ ಹೇಳುವಂತಿಲ್ಲ. ಆ ಕಷ್ಟ ನಿಮ್ಮ ನೆನಪಿನಲ್ಲಿದೆ, ಚಿತ್ರದಲ್ಲಿ ಇಲ್ಲ. ನಿಮಗೆ ಆ ಬೆಳ್ಳಕ್ಕಿ ಅಷ್ಟು ಇಷ್ಟವಾಗಿರುವುದು ಅದಕ್ಕಾಗಿ ಪಟ್ಟ ಪಾಡಿನಿಂದ. ನೋಡುವವರಿಗೆ ಕಾಣುವುದು ಕಪ್ಪು ನೀರಿನ ನಡುವೆ ರೆಕ್ಕೆಯ ಗರಿ ಒಂದೂ ಕಾಣದ ಬಿಳಿ ತೇಪೆ. ಅವರು ಅದನ್ನು ಹೇಳಿದ ಕೂಡಲೇ "ಲೆನ್ಸ್ ಸರಿ ಇಲ್ಲ" ಎನ್ನುವುದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಲೆನ್ಸ್ ಪಾಪದ್ದು. ಸುತ್ತಲಿನ ಕಪ್ಪು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸಿದೆ, ನೀವು ಅದನ್ನು ಒಂದು ಹಂತ ಇಳಿಸಬೇಕಿತ್ತು. ಸುಣ್ಣದ ಗೋಡೆಯ ಲೆಕ್ಕವೇ, ತಿರುಗುಮುರುಗು.

ಹಾಗೆಂದು ಎಲ್ಲರ ಮಾತನ್ನೂ ತಲೆಯ ಮೇಲೆ ಹೊತ್ತುಕೊಂಡರೆ ನಾಲ್ವರು ಕುರುಡರಿಗೆ ಆನೆ ಸಿಕ್ಕಂತಾಗುತ್ತದೆ. ನಾನು ಕಂಡುಕೊಂಡಿರುವ ಉಪಾಯ ಇದು. ಮೂರು ಜನ ಚಿತ್ರದ ಒಂದೇ ಜಾಗದಲ್ಲಿ ತಡವರಿಸಿದರೆ ಅಲ್ಲಿ ಏನೋ ಐಬು ಇರುವುದು ಖಂಡಿತ. ಆದರೆ ಅದಕ್ಕೆ ಅವರು ಸೂಚಿಸುವ ಮದ್ದು ಮೂರು ಥರ ಇರುತ್ತದೆ, ಒಬ್ಬರು ಕತ್ತರಿಸಿ ಎನ್ನುತ್ತಾರೆ, ಒಬ್ಬರು ಕಪ್ಪು-ಬಿಳುಪು ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಹೊಸ ಕ್ಯಾಮೆರಾ ಕೊಳ್ಳಿ ಎನ್ನುತ್ತಾರೆ. ರೋಗ ಯಾವುದೆಂದು ಅವರಿಂದ ಕೇಳಿಕೊಳ್ಳಿ, ಮದ್ದನ್ನು ನೀವೇ ಹುಡುಕಿ. ಅದಕ್ಕೆ ಎರಡು ದಿನ ಬೇಕು. ಕೇಳಿದ ರಾತ್ರಿಯೇ ಕೂತು ತಿದ್ದಬೇಡಿ. ಸಿಟ್ಟಿನಲ್ಲಿ ತಿದ್ದಿದ ಚಿತ್ರಕ್ಕೆ ಉಪ್ಪು ಹೆಚ್ಚಾಗಿರುತ್ತದೆ, ಆಕಾಶ ನೀಲಿಯ ಮೇಲೆ ನೀಲಿಯಾಗಿರುತ್ತದೆ.

ಕೇಳುವುದನ್ನೂ ಸರಿಯಾಗಿ ಕೇಳಬೇಕು. "ಹೇಗಿದೆ?" ಎಂದರೆ "ಚೆನ್ನಾಗಿದೆ" ಎಂದೇ ಬರುತ್ತದೆ, ಅದು "ಊಟ ಆಯ್ತಾ?" "ಆಯ್ತು" ಎಂಬ ಹಾಗೆ. "ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?" ಎಂದು ಕೇಳಿ ನೋಡಿ. ಫೋಟೊ ಗಂಧವೇ ಇಲ್ಲದವರೂ ಇದಕ್ಕೆ ನಿಜ ಹೇಳುತ್ತಾರೆ. ಮಗಳ ಮುಖಕ್ಕೆ ಹೋಗಬೇಕಾದ ಕಣ್ಣು ಹಿಂದೆ ಒಣಗಿಹಾಕಿದ ಕೆಂಪು ಟವೆಲಿಗೆ ಹೋಯಿತು ಎಂದು ಪಕ್ಕದ ಮನೆಯವರು ಹೇಳಿದರೆ ಸಾಕಲ್ಲವೇ, ಅದಕ್ಕೆ ತೀರ್ಪುಗಾರರು ಯಾಕೆ?

ಕೊನೆಯದಾಗಿ ಹಳೆಯ ಚಿತ್ರಗಳ ವಿಷಯ. ಟೀಕೆ ಬಂತೆಂದು ಚಿತ್ರ ಅಳಿಸಿಹಾಕುವವರಿದ್ದಾರೆ. ಅಳಿಸಬೇಡಿ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹೆರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುತ್ತಿರುವ ಒಂದು ಚಿತ್ರ ತೆಗೆದರು. ಕೆಳಗೆ ಗೋರಿಗಳ ಶಿಲುಬೆಗಳ ಮೇಲೆ ಸಂಜೆಯ ಕೊನೆಯ ಬಿಸಿಲು. ಅದೊಂದೇ ನೆಗೆಟಿವ್ ಇಟ್ಟುಕೊಂಡು ಅವರು ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸಿದರು. ಮೊದಮೊದಲ ಮುದ್ರಣಗಳಲ್ಲಿ ಆಕಾಶ ಬೂದು, ಅಲ್ಲಲ್ಲಿ ಮೋಡ. ವರ್ಷ ಹೋದಂತೆ ಆಕಾಶ ಗಾಢವಾಗುತ್ತ ಹೋಯಿತು, ಕೊನೆಯವುಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಕಪ್ಪು. ತಮ್ಮ ಚಿತ್ರಕ್ಕೆ ತಾವೇ ಇಷ್ಟು ವರ್ಷ ಅಭಿಪ್ರಾಯ ಹೇಳಿಕೊಳ್ಳುತ್ತಿದ್ದರು.

ನಾವು ಅಷ್ಟು ಮಾಡದಿದ್ದರೂ ಇಷ್ಟು ಮಾಡಬಹುದು. ಜನ ಹೇಳಿದ ಮಾತನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಚಿತ್ರವನ್ನು ಹಾಗೆಯೇ ಇಟ್ಟು, ಮುಂದಿನ ದೀಪಾವಳಿಗೆ ತೆಗೆದು ನೋಡಿ. ಕೆಲವು ಮಾತು ಆಗಲೇ ನಿಜ ಎನ್ನಿಸಿದ್ದು ಈಗ ಪೊಳ್ಳು ಅನ್ನಿಸಬಹುದು, ಆ ದಿನ ಎದೆಗೆ ಚುಚ್ಚಿದ್ದು ಈಗ ಕಣ್ಣಿಗೇ ಕಾಣಬಹುದು. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೆಂಡತಿಯ ಮಾತೊಂದಿದೆ: "ಹಕ್ಕಿ ಚೆನ್ನಾಗಿದೆ, ಎಲ್ಲಿದೆ?" ಆ ಚಿತ್ರವನ್ನು ಈಗಲೂ ತೆಗೆದು ನೋಡುತ್ತಿರುತ್ತೇನೆ. ಎಲೆಗಳ ನಡುವೆ ಎಡಕ್ಕೆ, ಸ್ವಲ್ಪ ಮೇಲೆ, ಒಂದು ಮಿಂಚುಳ್ಳಿ ಇದೆ.